ಸಂಖ್ಯಾಸಿದ್ಧಾಂತಿ ಎಸ್. ಎಸ್. ಪಿಳ್ಳೈ: ಬಾಳು ಮತ್ತು ಸಾಧನೆ

1. ಪ್ರವೇಶ

2010ರ ಆಗಸ್ಟ್ 19ರಿಂದ 27ರವರೆಗೆ ಹೈದರಾಬಾದಿನಲ್ಲಿ ಜಾಗತಿಕ ಗಣಿತಜ್ಞರ ಮಹಾಸಮ್ಮೇಳನ ನೆರವೇರಿತು. 1897ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲುಗೊಂಡ ಈ ಸಮ್ಮೇಳನ ಪರಂಪರೆ ಭಾರತದ ನೆಲಕ್ಕೆ ಬಂದದ್ದು ಅದೇ ಮೊದಲು. ಅಂದು ಫೀಲ್ಡ್ಸ್ ಪದಕ ಪಡೆದ ನಾಲ್ವರಲ್ಲಿ ಇಸ್ರೇಲಿನ ಎಲಾನ್ ಲಿಂಡೆನ್‌ಸ್ಟ್ರಾಸ್ ಒಬ್ಬರು. ಎರ್ಗೋಡಿಕ್ ಸಿದ್ಧಾಂತದಲ್ಲಿ ಅವರು ಸಾಧಿಸಿದ ಫಲಿತಾಂಶಗಳಿಗೂ, ಅವುಗಳನ್ನು ಸಂಖ್ಯಾಸಿದ್ಧಾಂತಕ್ಕೆ ಅನ್ವಯಿಸಿದ ರೀತಿಗೂ ಆ ಗೌರವ ಸಂದಿತು. ಚಲಿಸುವ ವ್ಯವಸ್ಥೆಗಳ ದೀರ್ಘಕಾಲದ ನಡವಳಿಕೆಯನ್ನು ಅಳೆಯಲು ಹುಟ್ಟಿದ ಶಾಸ್ತ್ರವೊಂದು ನಿಶ್ಚಲವೆಂದು ತೋರುವ ಅಂಕಿಗಳ ಸ್ವಭಾವವನ್ನೂ ಬೆಳಗಬಲ್ಲದೆಂಬುದು ಇಪ್ಪತ್ತನೆಯ ಶತಮಾನದ ಗಣಿತದ ದೊಡ್ಡ ತಿಳಿವುಗಳಲ್ಲಿ ಒಂದು.

ಹೈದರಾಬಾದಿನ ಆ ಸಮ್ಮೇಳನಕ್ಕೆ ಸರಿಯಾಗಿ ಅರವತ್ತು ವರ್ಷಗಳ ಹಿಂದೆ, 1950ರಲ್ಲಿ, ಇದೇ ಸಮ್ಮೇಳನ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಸೇರಿತ್ತು. ಅದರಲ್ಲಿ ಭಾಗವಹಿಸಲೆಂದು ಹೊರಟ ಭಾರತೀಯ ಗಣಿತಜ್ಞರೊಬ್ಬರು ಅಲ್ಲಿಗೆ ತಲಪಲಿಲ್ಲ. ಅವರೇ ಸುಬ್ಬಯ್ಯ ಶಿವಶಂಕರನಾರಾಯಣ ಪಿಳ್ಳೈ. ವಿದ್ವತ್ ಲೋಕದಲ್ಲಿ ಎಸ್. ಎಸ್. ಪಿಳ್ಳೈ ಎಂದೇ ಪ್ರಸಿದ್ಧರಾದ ಇವರು ಶ್ರೀನಿವಾಸ ರಾಮಾನುಜನ್ ಅವರ ತರುವಾಯ ಸಂಖ್ಯಾಸಿದ್ಧಾಂತದಲ್ಲಿ ಭಾರತ ಕಂಡ ಅಗ್ರಗಣ್ಯರ ಪಂಕ್ತಿಗೆ ಸೇರಿದವರು. ಸಂಖ್ಯೆಗಳ ಅನುಕ್ರಮಗಳು ದೀರ್ಘಾವಧಿಯಲ್ಲಿ ಹೇಗೆ ಹಂಚಿಕೊಳ್ಳುತ್ತವೆ ಎಂಬ ಪ್ರಶ್ನೆ ಅವರ ಬರಹಗಳಲ್ಲಿ ಎರಡು ಬೇರೆ ಬೇರೆ ದಿಕ್ಕುಗಳಿಂದ ಎದುರಾಗುತ್ತದೆ. ಒಂದನ್ನು ಅವರು ಬಿಡಿಸಿದರು. ಮತ್ತೊಂದು ಇಂದಿಗೂ ಬಿಡಿಸಲಾಗದೆ ಉಳಿದಿದೆ. ಆ ಎರಡನ್ನೂ ಮುಂದಿಟ್ಟುಕೊಂಡು ಅವರ ಬಾಳನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ವಿಭಾಗವೊಂದರ ಸಂಪುಟದಲ್ಲಿ ಗಣಿತಜ್ಞರೊಬ್ಬರ ಚರಿತ್ರೆಗೆ ಏನು ಎಡೆ ಎಂದು ಕೇಳಬಹುದು. ರಾಷ್ಟ್ರಕೂಟ ಅಮೋಘವರ್ಷನನ್ನು ಸ್ತುತಿಸಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನನ್ನೂ, ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದ ರಾಜಾದಿತ್ಯನನ್ನೂ ನಮ್ಮ ಸಾಹಿತ್ಯಚರಿತ್ರೆಕಾರರು ಎಂದೂ ಹೊರಗಿಟ್ಟವರಲ್ಲ. ಅಮೋಘವರ್ಷನ ರಾಜಧಾನಿಯಾಗಿದ್ದ ಮಳಖೇಡ 1956ರವರೆಗೆ ಹೈದರಾಬಾದು ಸಂಸ್ಥಾನದ, ಬಳಿಕ ಹೈದರಾಬಾದು ರಾಜ್ಯದ ಭಾಗವೇ ಆಗಿತ್ತು. ಶಾಸ್ತ್ರವನ್ನೂ ಕಾವ್ಯವನ್ನೂ ಒಂದೇ ಪೀಠದಲ್ಲಿ ಕೂರಿಸಿದ ಆ ಪರಂಪರೆಯ ವಾರಸುದಾರರಿಗೆ ಪಿಳ್ಳೈ ಅವರ ಕಥನ ಹೊರಗಿನದಾಗಲಾರದು. ಅವರ ಪ್ರಮುಖ ಬರಹಗಳಲ್ಲಿ ಹಲವು ಬೆಂಗಳೂರಿನಿಂದ ಪ್ರಕಟವಾದವು ಎಂಬುದನ್ನೂ ಇಲ್ಲಿ ನೆನೆಯಬೇಕು.

2. ಬಾಲ್ಯ ಮತ್ತು ವಿದ್ಯಾಭ್ಯಾಸ

ಪಿಳ್ಳೈ ಅವರು ಜನಿಸಿದ್ದು 1901ರ ಏಪ್ರಿಲ್ 5ರಂದು, ತಮಿಳುನಾಡಿನ ದಕ್ಷಿಣದಲ್ಲಿ ಕುಟ್ರಾಲಂ ಜಲಪಾತಕ್ಕೂ ಶೆಂಕೋಟೆಗೂ ಸಮೀಪದ ವಲ್ಲಂ ಎಂಬ ಹಳ್ಳಿಯಲ್ಲಿ. ಹುಟ್ಟಿ ಒಂದು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ತಂದೆ ಸುಬ್ಬಯ್ಯ ಪಿಳ್ಳೈ ವೃದ್ಧ ಬಂಧುವೊಬ್ಬರ ನೆರವಿನಿಂದ ಮಗನನ್ನು ಸಾಕಿದರು. ಶೆಂಕೋಟೆಯ ಶಾಲೆಯಲ್ಲಿ ಶಾಸ್ತ್ರಿಯಾರ್ ಎಂಬ ಉಪಾಧ್ಯಾಯರು ಹುಡುಗನ ಬುದ್ಧಿಶಕ್ತಿಯನ್ನು ಬಹುಬೇಗ ಗುರುತಿಸಿದರು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ತಂದೆಯೂ ಕಾಲವಾದಾಗ ವಿದ್ಯಾಭ್ಯಾಸ ಅಲ್ಲಿಗೇ ನಿಲ್ಲುವ ಸ್ಥಿತಿ ಒದಗಿತು. ಆಗ ಶಾಸ್ತ್ರಿಯಾರ್ ಅವರೇ ಮುಂದಾಗಿ ಶಿಷ್ಯನ ಓದಿಗೆ ಆಸರೆಯಾದರು. ಹಳ್ಳಿಯ ಉಪಾಧ್ಯಾಯರೊಬ್ಬರ ಅಂತಃಕರಣ ಇಲ್ಲದಿದ್ದರೆ ಭಾರತದ ಗಣಿತಚರಿತ್ರೆಯ ಒಂದು ಅಧ್ಯಾಯ ಬರೆಯಲ್ಪಡುತ್ತಿರಲಿಲ್ಲ.

ನಾಗರಕೋವಿಲಿನ ಸ್ಕಾಟ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಮುಗಿಸಿ, ತಿರುವನಂತಪುರದ ಮಹಾರಾಜಾ ಕಾಲೇಜಿನಲ್ಲಿ ಅವರು ಬಿ.ಎ. ಪದವಿ ಪಡೆದರು. ಅನಂತರ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕರಾಗಿ ಸೇರಿದರು. ಅಲ್ಲಿ ಕೇಂಬ್ರಿಜಿನಲ್ಲಿ ಹಾರ್ಡಿಯವರ ಬಳಿ ಕಲಿತು ಬಂದಿದ್ದ ಕೆ. ಆನಂದರಾವ್ ಅವರ ಮತ್ತು ಆರ್. ವೈದ್ಯನಾಥಸ್ವಾಮಿ ಅವರ ಒಡನಾಟ ದೊರೆಯಿತು. 1929ರಲ್ಲಿ ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದ ಪಿಳ್ಳೈ ಅವರು 1941ರವರೆಗೂ ಅಲ್ಲಿಯೇ ದುಡಿದರು. ಮದರಾಸು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್ಸಿ. ಪದವಿ ನೀಡಿತು. ಅವರ ಅತ್ಯುತ್ತಮ ಸಂಶೋಧನೆಗಳೆಲ್ಲವೂ ಬಹುಮಟ್ಟಿಗೆ ಈ ಹನ್ನೆರಡು ವರ್ಷಗಳ ಫಲ.

3. ವೇರಿಂಗ್ ಸಮಸ್ಯೆ

ಪಿಳ್ಳೈ ಅವರ ಕೀರ್ತಿಗೆ ಮುಖ್ಯ ಕಾರಣವಾದದ್ದು ವೇರಿಂಗ್ ಸಮಸ್ಯೆ. ಪ್ರತಿಯೊಂದು ಧನಪೂರ್ಣಾಂಕವನ್ನೂ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಬಹುದೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿದನು. ಅದೇ ವರ್ಷ ಎಡ್ವರ್ಡ್ ವೇರಿಂಗ್ ಎಂಬ ಆಂಗ್ಲ ಗಣಿತಜ್ಞನು ಈ ಮಾತನ್ನು ಹಿಗ್ಗಿಸಿ, ಘನಗಳಾದರೆ ಒಂಬತ್ತು, ನಾಲ್ಕನೆಯ ಘಾತಗಳಾದರೆ ಹತ್ತೊಂಬತ್ತು ಸಾಕು, ಮುಂದಿನ ಘಾತಗಳಿಗೂ ಇಂತಹ ಮಿತಿ ಇದೆ ಎಂದು ಸಾಧನೆಯಿಲ್ಲದೆ ಹೇಳಿದನು. ಮಿತಿ ಇದ್ದೇ ಇದೆ ಎಂಬುದನ್ನು ಹಿಲ್ಬರ್ಟ್ 1909ರಲ್ಲಿ ಸಾಧಿಸಿದನಾದರೂ ಆ ಮಿತಿ ಎಷ್ಟು ಎಂಬುದು ತಿಳಿದಿರಲಿಲ್ಲ.

ಮಿತಿಯ ಕೆಳಗಟ್ಟನ್ನು ಕಾಣುವುದು ಸುಲಭ. ಆರನೆಯ ಘಾತವನ್ನೇ ತೆಗೆದುಕೊಳ್ಳೋಣ. ಒಂದರ ಆರನೆಯ ಘಾತ 1, ಎರಡರದು 64, ಮೂರರದು 729. ಈಗ 703 ಎಂಬ ಸಂಖ್ಯೆಯನ್ನು ಆರನೆಯ ಘಾತಗಳ ಮೊತ್ತವಾಗಿ ಬರೆಯಬೇಕಾದರೆ 729 ದೊಡ್ಡದಾದ್ದರಿಂದ ಬಳಕೆಗೆ ಬಾರದು. ಹತ್ತು 64ಗಳನ್ನು ಬಳಸಿದರೆ 640 ಆಗುತ್ತದೆ. ಉಳಿದ 63ಕ್ಕೆ ಅರುವತ್ತಮೂರು ಒಂದುಗಳೇ ಬೇಕು. ಒಟ್ಟು 73. ಆದ್ದರಿಂದ ಆರನೆಯ ಘಾತಕ್ಕೆ 73ಕ್ಕಿಂತ ಕಡಿಮೆ ಮಿತಿ ಸಲ್ಲದು. ಆದರೆ ಎಲ್ಲ ಸಂಖ್ಯೆಗಳಿಗೂ 73 ಸಾಕೇ ಎಂಬುದು ಬೇರೆಯದೇ ಆದ, ಬಹಳ ಕಠಿಣವಾದ ಪ್ರಶ್ನೆ.

1930ರ ದಶಕದ ನಡುವಿನಲ್ಲಿ ರಷ್ಯದ ವಿನೊಗ್ರಾದೊವ್ ರೂಪಿಸಿದ ಹೊಸ ವಿಧಾನಗಳು ಈ ಪ್ರಶ್ನೆಗೆ ದಾರಿ ತೆರೆದವು. ಚಿದಂಬರದಲ್ಲಿ ಕುಳಿತು ಪಿಳ್ಳೈ ಅವರೂ, ಷಿಕಾಗೋದಲ್ಲಿ ಎಲ್. ಇ. ಡಿಕ್ಸನ್ ಅವರೂ ಪರಸ್ಪರ ಅವಲಂಬನೆಯಿಲ್ಲದೆ ದೊಡ್ಡ ಘಾತಗಳಿಗೆ ಸಲ್ಲುವ ಸೂತ್ರವನ್ನು ಸಾಧಿಸಿ, 1936ರಲ್ಲಿ ಪ್ರಕಟಿಸಿದರು. ಸೂತ್ರ ಹೀಗಿದೆ: ಮೂರರ ಘಾತವನ್ನು ಎರಡರ ಅದೇ ಘಾತದಿಂದ ಭಾಗಿಸಿದಾಗ ಬರುವ ಭಾಗಲಬ್ಧವನ್ನು ಎರಡರ ಘಾತಕ್ಕೆ ಕೂಡಿಸಿ ಎರಡನ್ನು ಕಳೆದರೆ ಮಿತಿ ದೊರೆಯುತ್ತದೆ. ಆರನೆಯ ಘಾತದಲ್ಲಿ 729ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 11, ಶೇಷ 25. 64ಕ್ಕೆ 11 ಕೂಡಿಸಿ 2 ಕಳೆದರೆ 73. ನಾಲ್ಕನೆಯ ಘಾತಕ್ಕೆ ಇದೇ ಲೆಕ್ಕ 19ನ್ನೂ ಐದನೆಯದಕ್ಕೆ 37ನ್ನೂ ಕೊಡುತ್ತದೆ. ಆದರೆ ಸೂತ್ರಕ್ಕೆ ಒಂದು ಷರತ್ತು ಉಂಟು: ಭಾಗಲಬ್ಧ ಮತ್ತು ಶೇಷಗಳ ಮೊತ್ತ ಎರಡರ ಆ ಘಾತವನ್ನು ಮೀರಬಾರದು. ಮೇಲಿನ ಉದಾಹರಣೆಯಲ್ಲಿ 11 ಮತ್ತು 25 ಕೂಡಿ 36. ಅದು 64ನ್ನು ಮೀರುವುದಿಲ್ಲ. ಈ ಷರತ್ತಿನ ಕಥೆಯನ್ನು ಮುಂದೆ ನೋಡೋಣ.

ಸಣ್ಣ ಘಾತಗಳು ಇನ್ನೂ ಕಠಿಣವಾಗಿದ್ದವು. ಆರನೆಯ ಘಾತಕ್ಕೆ 73 ಸಾಕೆಂಬ ಸಾಧನೆಯನ್ನು ಪಿಳ್ಳೈ ಅವರು 1940ರಲ್ಲಿ ಪ್ರಕಟಿಸಿದರು. ಅದು ಬೆಳಕು ಕಂಡದ್ದು ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿ ಪತ್ರಿಕೆಯಲ್ಲಿ. ಗಣಕಯಂತ್ರವಿಲ್ಲದ ಕಾಲದಲ್ಲಿ, ದೊಡ್ಡ ಗ್ರಂಥಾಲಯಗಳಿಂದ ದೂರವಿದ್ದ ಊರಿನಲ್ಲಿ, ಕೈಬರಹದ ಲೆಕ್ಕದಿಂದಲೇ ಈ ಕಾರ್ಯ ಸಿದ್ಧಿಸಿತೆಂಬುದನ್ನು ಮರೆಯಲಾಗದು.

4. ಅಂಕಿಗಳ ನ್ಯಾಯ: ಬೆಂಗಳೂರಿನಲ್ಲಿ ಪ್ರಕಟವಾದ ಎರಡು ಕಿರುಲೇಖನಗಳು

ಅದೇ ನಡಾವಳಿ ಪತ್ರಿಕೆಯಲ್ಲಿ 1939 ಮತ್ತು 1940ರಲ್ಲಿ ಪಿಳ್ಳೈ ಅವರ ಎರಡು ಚಿಕ್ಕ ಲೇಖನಗಳು ಪ್ರಕಟವಾದವು. ಎರಡರ ವಿಷಯವೂ ನಾರ್ಮಲ್ ಸಂಖ್ಯೆಗಳು. ಪುಟಗಳ ಲೆಕ್ಕದಲ್ಲಿ ಅಲ್ಪವಾದ ಈ ಬರಹಗಳು ಸಂಖ್ಯಾನುಕ್ರಮಗಳ ಹಂಚಿಕೆಯ ಶಾಸ್ತ್ರದಲ್ಲಿ ಸ್ಥಿರವಾದ ಸ್ಥಾನ ಪಡೆದಿವೆ.

ದಶಮಾಂಶ ಬಿಂದುವಿನ ಬಲಕ್ಕೆ ಅಂತ್ಯವಿಲ್ಲದೆ ಸಾಗುವ ಅಂಕಿಗಳ ಸಾಲೊಂದನ್ನು ಕಲ್ಪಿಸಿಕೊಳ್ಳಬೇಕು. ದೀರ್ಘಾವಧಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಪ್ರತಿಯೊಂದು ಅಂಕಿಯೂ ಹತ್ತರಲ್ಲಿ ಒಂದು ಪಾಲು ಬಂದರೆ ಆ ಸಂಖ್ಯೆ ಹತ್ತರ ಆಧಾರದಲ್ಲಿ ಸರಳವಾಗಿ ನಾರ್ಮಲ್ ಎನಿಸುತ್ತದೆ. ಆದರೆ ಇಷ್ಟೇ ಸಾಲದು. 0.0123456789 ಎಂದು ಬರೆದು ಆ ಹತ್ತು ಅಂಕಿಗಳನ್ನೇ ಮತ್ತೆ ಮತ್ತೆ ಪುನರಾವರ್ತಿಸಿದರೆ ಪ್ರತಿಯೊಂದು ಅಂಕಿಗೂ ಸಮಪಾಲು ದೊರೆಯುತ್ತದೆ. ಆದರೆ ಮೊದಲಿನಿಂದ ಎರಡೆರಡಾಗಿ ಕತ್ತರಿಸಿ ನೋಡಿದರೆ 01, 23, 45, 67, 89 ಎಂಬ ಐದು ಜೋಡಿಗಳೇ ಬರುತ್ತವೆ. ಉಳಿದ ತೊಂಬತ್ತೈದು ಜೋಡಿಗಳಿಗೆ ಎಡೆಯೇ ಇಲ್ಲ. ಆದ್ದರಿಂದ ಜೋಡಿಗಳು ನೂರರಲ್ಲಿ ಒಂದು ಪಾಲು, ತ್ರಿಕಗಳು ಸಾವಿರದಲ್ಲಿ ಒಂದು ಪಾಲು, ಹೀಗೆ ಯಾವ ಉದ್ದದ ಗುಂಪೇ ಆಗಲಿ ತನಗೆ ನ್ಯಾಯವಾಗಿ ಸಲ್ಲಬೇಕಾದ ಪಾಲನ್ನು ಪಡೆದಾಗ ಮಾತ್ರ ಸಂಖ್ಯೆ ನಾರ್ಮಲ್ ಆಗುತ್ತದೆ.

ಈ ಪರಿಕಲ್ಪನೆಯನ್ನು 1909ರಲ್ಲಿ ಮುಂದಿಟ್ಟವನು ಫ್ರಾನ್ಸಿನ ಎಮಿಲ್ ಬೊರೆಲ್. ಬಹುಪಾಲು ಎಲ್ಲ ಸಂಖ್ಯೆಗಳೂ ನಾರ್ಮಲ್ ಆಗಿವೆ, ಹಾಗಲ್ಲದವುಗಳ ಒಟ್ಟು ಅಳತೆ ಶೂನ್ಯ ಎಂದು ಅವನು ಸಾಧಿಸಿದನು. ಆದರೆ ಇಂತಹದೇ ಒಂದು ಸಂಖ್ಯೆ ನಾರ್ಮಲ್ ಎಂದು ಬೆರಳಿಟ್ಟು ತೋರಿಸುವುದು ಬೇರೆ ಕೆಲಸ. 1933ರಲ್ಲಿ ಕೇಂಬ್ರಿಜಿನ ವಿದ್ಯಾರ್ಥಿ ಡೇವಿಡ್ ಚಾಂಪರ್ನೌನ್ 1, 2, 3 ಎಂದು ಎಣಿಕೆಯ ಸಂಖ್ಯೆಗಳನ್ನೇ ಒಂದರ ಪಕ್ಕ ಒಂದನ್ನು ಬರೆಯುತ್ತ ಹೋದರೆ ದೊರೆಯುವ 0.123456789101112 ಎಂದು ಮುಂದುವರಿಯುವ ಸಂಖ್ಯೆ ನಾರ್ಮಲ್ ಎಂದು ತೋರಿಸಿದನು. ಪಿಳ್ಳೈ ಅವರು ತಮ್ಮ ಕಿರುಲೇಖನಗಳಲ್ಲಿ ಈ ಫಲಿತಾಂಶಕ್ಕೆ ಸರಳವಾದ ಮಾರ್ಗವನ್ನು ಕಂಡುಕೊಂಡುದಲ್ಲದೆ, ನಾರ್ಮಲ್ ಎಂಬುದರ ವ್ಯಾಖ್ಯೆಯನ್ನೇ ಹಗುರಗೊಳಿಸಿದರು.

ಬೊರೆಲನ ವ್ಯಾಖ್ಯೆ ಬಹಳ ಬೇಡುತ್ತಿತ್ತು. ಸಂಖ್ಯೆಯು ಹತ್ತು, ನೂರು, ಸಾವಿರ ಮೊದಲಾದ ಎಲ್ಲ ಆಧಾರಗಳಲ್ಲೂ ಸರಳವಾಗಿ ನಾರ್ಮಲ್ ಆಗಿರಬೇಕು. ಅಷ್ಟೇ ಅಲ್ಲದೆ ಮೊದಲ ಅಂಕಿಯನ್ನು ಬಿಟ್ಟು, ಮೊದಲ ಎರಡನ್ನು ಬಿಟ್ಟು, ಹೀಗೆ ಎಲ್ಲಿಂದ ಆರಂಭಿಸಿದರೂ ಅದೇ ಗುಣ ಕಾಣಬೇಕು ಎಂದು ಅವನ ನಿಬಂಧನೆ. ಎರಡನೆಯ ಬೇಡಿಕೆ ಅನಾವಶ್ಯಕವೆಂದು ಪಿಳ್ಳೈ ಅವರು ಸಾಧಿಸಿದರು. ತರ್ಕದ ತಿರುಳು ಸರಳವಾಗಿದೆ. ಸಾಲನ್ನು ಮೊದಲಿನಿಂದ ಬಹು ಉದ್ದನೆಯ ತುಂಡುಗಳಾಗಿ ಕತ್ತರಿಸಿದಾಗ ಎಲ್ಲ ಬಗೆಯ ತುಂಡುಗಳೂ ಸಮಪ್ರಮಾಣದಲ್ಲಿ ಬರುತ್ತವೆ ಎಂದುಕೊಳ್ಳೋಣ. ಆಗ ಆ ತುಂಡುಗಳ ಒಳಗೆ ಅಡಗಿರುವ ಚಿಕ್ಕ ಗುಂಪುಗಳ ಸಂಖ್ಯೆಯನ್ನು ಲೆಕ್ಕಹಾಕಿಯೇ ತಿಳಿಯಬಹುದು. ಎರಡು ತುಂಡುಗಳ ಸಂಧಿಯಲ್ಲಿ ಬರುವ ಗುಂಪುಗಳು ಮಾತ್ರ ಲೆಕ್ಕ ತಪ್ಪಿಸಿಕೊಳ್ಳುತ್ತವೆ. ತುಂಡು ಉದ್ದವಾದಷ್ಟೂ ಸಂಧಿಗಳು ವಿರಳವಾಗಿ ಅವುಗಳ ಪ್ರಭಾವ ಕುಗ್ಗುತ್ತದೆ, ಕೊನೆಗೆ ಇಲ್ಲವಾಗುತ್ತದೆ. ಹೀಗೆ ಬೊರೆಲನ ಅಸಂಖ್ಯ ನಿಬಂಧನೆಗಳಲ್ಲಿ ಬಹುಭಾಗ ಕಳಚಿಬಿದ್ದು, ವ್ಯಾಖ್ಯೆ ಕೈಗೆ ಸಿಗುವಂತಾಯಿತು.

5. ಎರ್ಗೋಡಿಕ್ ದೃಷ್ಟಿ

ಪಿಳ್ಳೈ ಅವರ ವಿಧಾನ ಎಣಿಕೆಯ ವಿಧಾನ. ಅದೇ ಕಾಲದಲ್ಲಿ ಇನ್ನೊಂದು ದೃಷ್ಟಿ ಬೆಳೆಯುತ್ತಿತ್ತು. ಅನಿಲದ ಕಣಗಳ ಚಲನೆಯನ್ನು ಕುರಿತು ಚಿಂತಿಸುತ್ತಿದ್ದ ಬೋಲ್ಟ್ಸ್‌ಮನ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಿತ್ತಿದ ವಿಚಾರದಿಂದ ಎರ್ಗೋಡಿಕ್ ಸಿದ್ಧಾಂತ ಮೊಳೆಯಿತು. 1931ರಲ್ಲಿ ಅಮೆರಿಕದ ಜಾರ್ಜ್ ಬಿರ್ಕಾಫ್ ಅದರ ಮೂಲಪ್ರಮೇಯವನ್ನು ಸಾಧಿಸಿದನು. ಪೇಟೆಯೊಂದರಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವವನೊಬ್ಬನಿದ್ದಾನೆ ಎನ್ನೋಣ. ಪೇಟೆ ಬೇರೆ ಬೇರೆ ಕೇರಿಗಳಾಗಿ ಒಡೆದು, ಒಂದರಿಂದ ಇನ್ನೊಂದಕ್ಕೆ ದಾರಿಯೇ ಇಲ್ಲದಂತೆ ಆಗಿಲ್ಲದಿದ್ದರೆ, ಅವನ ನಡಿಗೆಯ ನಿಯಮ ಕೇರಿಗಳ ವಿಸ್ತಾರವನ್ನು ಕಾಪಾಡುವಂಥದಾಗಿದ್ದರೆ, ಬಹುಕಾಲ ಕಳೆದ ಮೇಲೆ ಅವನು ಪ್ರತಿ ಕೇರಿಯಲ್ಲೂ ಕಳೆದ ಹೊತ್ತು ಆ ಕೇರಿಯ ವಿಸ್ತಾರಕ್ಕೆ ಅನುಗುಣವಾಗಿರುತ್ತದೆ. ಕಾಲದ ಸರಾಸರಿಯೂ ದೇಶದ ಸರಾಸರಿಯೂ ಒಂದಾಗುತ್ತವೆ ಎಂಬುದೇ ಈ ಪ್ರಮೇಯದ ಸಾರ.

ಇದು ಅಂಕಿಗಳಿಗೆ ಅನ್ವಯವಾಗುವ ಬಗೆ ಸೊಗಸಾಗಿದೆ. ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆಯೊಂದನ್ನು ಹತ್ತರಿಂದ ಗುಣಿಸಿ ಪೂರ್ಣಭಾಗವನ್ನು ಬಿಟ್ಟುಬಿಡಬೇಕು. 0.3729 ಎಂದು ಆರಂಭವಾಗುವ ಸಂಖ್ಯೆ 0.729 ಎಂದು ಆರಂಭವಾಗುವ ಸಂಖ್ಯೆಯಾಗುತ್ತದೆ. ಎಂದರೆ ಮೊದಲ ಅಂಕಿ ಉದುರಿ ಸಾಲು ಒಂದು ಹೆಜ್ಜೆ ಎಡಕ್ಕೆ ಸರಿಯುತ್ತದೆ. ಈ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಿದರೆ ಬಿಂದುವೊಂದು ಸೊನ್ನೆಯಿಂದ ಒಂದರವರೆಗಿನ ರೇಖಾಖಂಡದಲ್ಲಿ ಅಲೆಯತೊಡಗುತ್ತದೆ. ಅದು 0.7ಕ್ಕೂ 0.8ಕ್ಕೂ ನಡುವೆ ಬಿದ್ದಾಗಲೆಲ್ಲ ಸಾಲಿನಲ್ಲಿ ಏಳು ಎಂಬ ಅಂಕಿ ಬಂದಿದೆ ಎಂದರ್ಥ. ಆ ಭಾಗದ ಉದ್ದ ಹತ್ತರಲ್ಲಿ ಒಂದು. ಆದ್ದರಿಂದ ಬಹುಪಾಲು ಸಂಖ್ಯೆಗಳಲ್ಲಿ ಏಳರ ಪಾಲೂ ಹತ್ತರಲ್ಲಿ ಒಂದು. ಬೊರೆಲನ ಪ್ರಮೇಯ ಹೀಗೆ ಬಿರ್ಕಾಫನ ಪ್ರಮೇಯದ ಒಂದು ನಿದರ್ಶನವಾಗಿ ಪರಿಣಮಿಸುತ್ತದೆ. 1949ರಲ್ಲಿ ಡೊನಾಲ್ಡ್ ವಾಲ್ ಎಂಬ ಅಮೆರಿಕದ ಸಂಶೋಧಕ ಸಂಖ್ಯೆ ನಾರ್ಮಲ್ ಆಗಿರುವುದೆಂದರೆ ಈ ಅಲೆದಾಟದ ಬಿಂದುಗಳು ಖಂಡದಲ್ಲಿ ಸಮವಾಗಿ ಹರಡಿಕೊಳ್ಳುವುದೇ ಎಂದು ಸ್ಪಷ್ಟಪಡಿಸಿದನು. ಯಾವ ಅಂಕಿಯಿಂದ ಆರಂಭಿಸಿದರೂ ನ್ಯಾಯ ಕೆಡದೆಂದು ಪಿಳ್ಳೈ ಅವರು ಎಣಿಕೆಯಿಂದ ತೋರಿಸಿದ್ದರ ಹಿಂದೆಯೂ ಒಂದು ಹೆಜ್ಜೆ ಸರಿಯುವ ಇದೇ ಕ್ರಿಯೆ ಇದೆ.

ಆದರೆ ಎರ್ಗೋಡಿಕ್ ಪ್ರಮೇಯ ಬಹುಪಾಲಿನ ಮಾತನ್ನು ಆಡುತ್ತದೆಯೇ ಹೊರತು ಬಿಡಿ ಸಂಖ್ಯೆಯ ಮಾತನ್ನಲ್ಲ. ವೃತ್ತದ ಪರಿಧಿ ಮತ್ತು ವ್ಯಾಸಗಳ ನಿಷ್ಪತ್ತಿಯಾಗಲಿ, ಎರಡರ ವರ್ಗಮೂಲವಾಗಲಿ ನಾರ್ಮಲ್ ಹೌದೋ ಅಲ್ಲವೋ ಎಂಬುದು ಇಂದಿಗೂ ಸಾಧಿತವಾಗಿಲ್ಲ. ಜನಸಮುದಾಯದ ಸರಾಸರಿ ಆಯುಷ್ಯವನ್ನು ಬಲ್ಲವನು ಎದುರಿಗಿರುವ ಒಬ್ಬನ ಆಯುಷ್ಯವನ್ನು ಹೇಳಲಾರ. ಇಲ್ಲಿಯ ಕಷ್ಟವೂ ಅಂಥದೇ.

6. ಷರತ್ತಿನ ಹಿಂದಿನ ಒಗಟು

ಈಗ ವೇರಿಂಗ್ ಸೂತ್ರದ ಷರತ್ತಿಗೆ ಮರಳೋಣ. ಮೂರರ ಘಾತವನ್ನು ಎರಡರ ಘಾತದಿಂದ ಭಾಗಿಸುವುದೆಂದರೆ ಒಂದೂವರೆಯ ಘಾತವನ್ನು ಕಾಣುವುದೇ. ಒಂದೂವರೆಯ ಘಾತಗಳು 1.5, 2.25, 3.375, 5.0625, 7.59375, 11.390625 ಎಂದು ಬೆಳೆಯುತ್ತವೆ. ಅವುಗಳ ಪೂರ್ಣಭಾಗವನ್ನು ಬಿಟ್ಟು ಭಿನ್ನಭಾಗವನ್ನಷ್ಟೇ ನೋಡಿದರೆ 0.5, 0.25, 0.375, 0.0625, 0.59375, 0.390625 ಎಂಬ ಅನುಕ್ರಮ ದೊರೆಯುತ್ತದೆ. ಈ ಭಿನ್ನಭಾಗ ಒಂದಕ್ಕೆ ಅತಿಯಾಗಿ ಹತ್ತಿರವಾದಾಗ ಮಾತ್ರ ಪಿಳ್ಳೈ ಅವರ ಷರತ್ತು ಮುರಿಯುತ್ತದೆ. ಹತ್ತಿರವೆಂದರೆ ಎಷ್ಟು? ಸುಮಾರಾಗಿ ಮುಕ್ಕಾಲಿನ ಅದೇ ಘಾತದಷ್ಟು. ಘಾತ ಏರಿದಂತೆ ಈ ಅಂತರ ಕ್ಷಿಪ್ರವಾಗಿ ಕುಗ್ಗುತ್ತದೆ. ಭಿನ್ನಭಾಗಗಳು ಖಂಡದಲ್ಲಿ ಯಾದೃಚ್ಛಿಕವಾಗಿ ಬೀಳುತ್ತವೆ ಎಂದು ಭಾವಿಸಿದರೆ ಅಷ್ಟು ಕಿರಿದಾದ ಜಾಗದಲ್ಲಿ ಬೀಳುವ ಸಂಭಾವ್ಯತೆ ತೀರ ಅಲ್ಪ.

ಹೀಗೆ ಪಿಳ್ಳೈ ಅವರ ಅತ್ಯಂತ ಪ್ರಸಿದ್ಧ ಸೂತ್ರದ ಪೂರ್ಣತೆ ಒಂದು ಸಂಖ್ಯಾನುಕ್ರಮದ ಸಂಖ್ಯಾಶಾಸ್ತ್ರೀಯ ವರ್ತನೆಯ ಮೇಲೆ ನಿಂತಿದೆ. ಸಮಹಂಚಿಕೆಯ ಶಾಸ್ತ್ರಕ್ಕೆ 1916ರಲ್ಲಿ ಹರ್ಮನ್ ವೈಲ್ ಅಡಿಪಾಯ ಹಾಕಿದ್ದನು. 1935ರಲ್ಲಿ ನೆದರ್ಲೆಂಡ್ಸಿನ ಕೋಕ್ಸ್‌ಮಾ ಒಂದಕ್ಕಿಂತ ದೊಡ್ಡದಾದ ಬಹುಪಾಲು ಎಲ್ಲ ಸಂಖ್ಯೆಗಳ ಘಾತಗಳ ಭಿನ್ನಭಾಗಗಳೂ ಸಮವಾಗಿ ಹಂಚಿಕೆಯಾಗುತ್ತವೆ ಎಂದು ಸಾಧಿಸಿದನು. ಆದರೆ ಆ ಬಹುಪಾಲಿನಲ್ಲಿ ಒಂದೂವರೆ ಸೇರಿದೆಯೇ? ಯಾರಿಗೂ ತಿಳಿಯದು. 1957ರಲ್ಲಿ ಕುರ್ಟ್ ಮಾಲರ್ ಷರತ್ತು ಮುರಿಯುವ ಘಾತಗಳು ಇದ್ದರೂ ಅವು ಪರಿಮಿತ ಸಂಖ್ಯೆಯಲ್ಲಿವೆ ಎಂದು ತೋರಿಸಿದನಾದರೂ, ಅವು ಎಲ್ಲಿಯವರೆಗೆ ಇರಬಹುದೆಂಬ ಗಡಿಯನ್ನು ಅವನ ಸಾಧನೆ ಕೊಡುವುದಿಲ್ಲ. 1990ರಲ್ಲಿ ಪ್ರಕಟವಾದ ಗಣಕಯಂತ್ರದ ಶೋಧವೊಂದು 47 ಕೋಟಿ 16 ಲಕ್ಷದವರೆಗಿನ ಘಾತಗಳಲ್ಲಿ ಒಂದೂ ಅಪವಾದವಿಲ್ಲವೆಂದು ಕಂಡಿತು. ಅಪವಾದವೇ ಇಲ್ಲವೆಂದು ಎಲ್ಲರೂ ನಂಬಿದ್ದಾರೆ, ಸಾಧಿಸಿದವರಿಲ್ಲ. ಸಮುದಾಯದ ನಿಯಮವನ್ನು ಅರಿತೂ ವ್ಯಕ್ತಿಯ ಮುಂದೆ ಸೋಲುವ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು.

7. ಇತರ ಸಾಧನೆಗಳು ಮತ್ತು ಕಲ್ಕತ್ತೆಯ ವರ್ಷಗಳು

ಪಿಳ್ಳೈ ಅವರ ಆಸಕ್ತಿ ಈ ಎರಡು ವಿಷಯಗಳಿಗೆ ಸೀಮಿತವಾಗಿರಲಿಲ್ಲ. ವಾಲ್ಟೇರಿನ ಆಂಧ್ರ ವಿಶ್ವವಿದ್ಯಾನಿಲಯದಲ್ಲಿಯೂ ಬಳಿಕ ಲಾಹೋರಿನಲ್ಲಿಯೂ ಅಧ್ಯಾಪಕರಾಗಿದ್ದ ಸರ್ವದಮನ್ ಚೌಲಾ ಅವರೊಂದಿಗೆ ಅವರಿಗೆ ದೀರ್ಘಕಾಲದ ಪತ್ರವ್ಯವಹಾರವಿತ್ತು. 1930ರಲ್ಲಿಯೇ ಇಬ್ಬರೂ ಸೇರಿ ಬರೆದ ಲೇಖನ ಲಂಡನ್ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ದೇಶದ ಎರಡು ತುದಿಗಳಲ್ಲಿದ್ದ ಇಬ್ಬರು ವಿದ್ವಾಂಸರು ಕಾಗದದ ಮೇಲೆಯೇ ಪ್ರಮೇಯಗಳನ್ನು ತಿದ್ದಿಕೊಳ್ಳುತ್ತ, ಪರಸ್ಪರ ಬರಹಗಳನ್ನು ಒರೆಗೆ ಹಚ್ಚುತ್ತ ನಡೆಸಿದ ಈ ಸಂವಾದ ಅಂದಿನ ಭಾರತೀಯ ಸಂಶೋಧನೆಯ ಸ್ಥಿತಿಗತಿಗಳಿಗೆ ಕನ್ನಡಿಯಾಗಿದೆ.

1940ರಲ್ಲಿ ಬೆಂಗಳೂರಿನ ನಡಾವಳಿಯಲ್ಲಿಯೇ ಬಂದ ಮತ್ತೊಂದು ಫಲಿತಾಂಶವನ್ನು ಶಾಲಾ ವಿದ್ಯಾರ್ಥಿಯೂ ಗ್ರಹಿಸಬಲ್ಲ. ಹದಿನಾರು ಅಥವಾ ಅದಕ್ಕಿಂತ ಕಡಿಮೆ ಕ್ರಮಾಗತ ಸಂಖ್ಯೆಗಳನ್ನು ಎಲ್ಲಿಂದ ತೆಗೆದುಕೊಂಡರೂ ಅವುಗಳಲ್ಲಿ ಒಂದಾದರೂ ಉಳಿದ ಯಾವುದರೊಡನೆಯೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವನ್ನು ಹೊಂದಿರುವುದಿಲ್ಲ. ಹದಿನೇಳಕ್ಕೆ ಈ ಮಾತು ನಿಲ್ಲದು: 2184ರಿಂದ 2200ರವರೆಗಿನ ಹದಿನೇಳು ಸಂಖ್ಯೆಗಳಲ್ಲಿ ಅಂತಹ ಒಂಟಿ ಸಂಖ್ಯೆ ಇಲ್ಲ.

1941ರಲ್ಲಿ ಪಿಳ್ಳೈ ಅವರು ತಿರುವಾಂಕೂರು ವಿಶ್ವವಿದ್ಯಾನಿಲಯಕ್ಕೆ ಹೋದರು. ಮರುವರ್ಷವೇ ಎಫ್. ಡಬ್ಲ್ಯು. ಲೆವಿ ಅವರ ಆಹ್ವಾನದ ಮೇರೆಗೆ ಕಲ್ಕತ್ತಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಲೆವಿ ಅವರು ನಾಜಿ ಆಡಳಿತದಲ್ಲಿ ಜರ್ಮನಿಯ ಹುದ್ದೆಯನ್ನು ಕಳೆದುಕೊಂಡು ಭಾರತಕ್ಕೆ ಬಂದು, ಅಲ್ಲಿ ಗಣಿತ ವಿಭಾಗವನ್ನು ಕಟ್ಟುತ್ತಿದ್ದವರು. 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಎರಡು ಮತ್ತು ಮೂರರ ಘಾತಗಳನ್ನು ಒಳಗೊಂಡ ಸಮೀಕರಣವೊಂದನ್ನು ಕುರಿತು ಬರೆಯುತ್ತ ಪಿಳ್ಳೈ ಅವರು ಒಂದು ಊಹೆಯನ್ನು ಮುಂದಿಟ್ಟರು. 1, 4, 8, 9, 16, 25, 27, 32, 36 ಎಂದು ಮುಂದುವರಿಯುವ ವರ್ಗ, ಘನ ಮೊದಲಾದ ಘಾತಸಂಖ್ಯೆಗಳನ್ನು ಸಾಲಾಗಿ ಬರೆದರೆ ಅಕ್ಕಪಕ್ಕದವುಗಳ ಅಂತರ ಕೊನೆಗೆ ಮೇರೆಯಿಲ್ಲದೆ ಬೆಳೆಯುತ್ತದೆ ಎಂಬುದೇ ಆ ಊಹೆ. ಅಂತರ ಒಂದು ಎಂಬುದು 8 ಮತ್ತು 9ರ ನಡುವೆ ಮಾತ್ರ ಸಾಧ್ಯವೆಂಬ ಕತಲಾನ್ ಊಹೆಯನ್ನು 2002ರಲ್ಲಿ ಮಿಹೈಲೆಸ್ಕು ಸಾಧಿಸಿದನು. ಪಿಳ್ಳೈ ಊಹೆ ಎಂದೇ ಹೆಸರಾದ ಈ ವ್ಯಾಪಕ ಪ್ರಶ್ನೆ ಮಾತ್ರ ಇನ್ನೂ ತೆರೆದೇ ಇದೆ. ಎರಡು ಮತ್ತು ಮೂರು ಎಂಬ ಎರಡು ಚಿಕ್ಕ ಸಂಖ್ಯೆಗಳು ಅವರನ್ನು ಜೀವಮಾನವಿಡೀ ಬಿಡದೆ ಕಾಡಿದವು.

8. ಕೊನೆಯ ಪಯಣ

ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆ ಪಿಳ್ಳೈ ಅವರನ್ನು ಒಂದು ವರ್ಷದ ಮಟ್ಟಿಗೆ ಸಂದರ್ಶಕ ವಿದ್ವಾಂಸರಾಗಿ ಆಹ್ವಾನಿಸಿತು. ಅದೇ ಸಂದರ್ಭದಲ್ಲಿ ಕೇಂಬ್ರಿಜ್ ನಗರದಲ್ಲಿ 1950ರ ಆಗಸ್ಟ್ 30ರಂದು ಆರಂಭವಾಗಲಿದ್ದ ಗಣಿತಜ್ಞರ ಸಮ್ಮೇಳನಕ್ಕೆ ಮದರಾಸು ವಿಶ್ವವಿದ್ಯಾನಿಲಯದ ಪ್ರತಿನಿಧಿಯಾಗಿಯೂ ಅವರು ಹೊರಟರು. ಅದುವರೆಗೆ ಪತ್ರ ಮತ್ತು ಪತ್ರಿಕೆಗಳ ಮೂಲಕವೇ ಜಗತ್ತಿನೊಡನೆ ಮಾತನಾಡಿದ್ದ ವಿದ್ವಾಂಸನಿಗೆ ಸಮಾನರ ಸಭೆಯಲ್ಲಿ ಕುಳಿತುಕೊಳ್ಳುವ ಅವಕಾಶ ಒದಗಿತ್ತು. ಮುಂಬಯಿಯಿಂದ ನ್ಯೂಯಾರ್ಕಿಗೆ ಸಾಗುತ್ತಿದ್ದ ವಿಮಾನ ಆಗಸ್ಟ್ 31ರಂದು ಕೈರೋದಿಂದ ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಅಪಘಾತಕ್ಕೀಡಾಯಿತು. ಅದರಲ್ಲಿದ್ದ 55 ಮಂದಿಯೂ ಅಸುನೀಗಿದರು. ಪಿಳ್ಳೈ ಅವರಿಗೆ ಆಗ 49 ವರ್ಷ.

9. ಪರಂಪರೆ

ಪಿಳ್ಳೈ ಅವರು ಬಿಟ್ಟುಹೋದ ಎಡೆಗಳನ್ನು ಮುಂದಿನವರು ಒಂದೊಂದಾಗಿ ತುಂಬಿದರು. ಐದನೆಯ ಘಾತಕ್ಕೆ 37 ಸಾಕೆಂದು ಚೀನಾದ ಚೆನ್ ಜಿಂಗ್ರುನ್ 1964ರಲ್ಲಿ ಸಾಧಿಸಿದರು. ನಾಲ್ಕನೆಯ ಘಾತಕ್ಕೆ 19 ಸಾಕೆಂಬ, ವೇರಿಂಗ್ ಮೊದಲೇ ಹೇಳಿದ್ದ ಮಾತು ಎಲ್ಲಕ್ಕಿಂತ ಕಡೆಗೆ ಬಗೆಹರಿದು, 1986ರಲ್ಲಿ ಭಾರತದ ಆರ್. ಬಾಲಸುಬ್ರಮಣಿಯನ್, ಫ್ರಾನ್ಸಿನ ದೆಶೂಯೆ ಮತ್ತು ದ್ರೆಸ್ ಅವರಿಂದ ಸಾಧಿತವಾಯಿತು. ಚದುರಿಹೋಗಿದ್ದ ಪಿಳ್ಳೈ ಅವರ ಲೇಖನಗಳನ್ನು ಬಾಲಸುಬ್ರಮಣಿಯನ್ ಅವರೇ ಆರ್. ತಂಗದುರೈ ಅವರೊಡನೆ ಸಂಪಾದಿಸಿದರು. ರಾಮಾನುಜನ್ ಗಣಿತ ಸಂಘ ಅವನ್ನು ಸಮಗ್ರ ಸಂಪುಟಗಳಾಗಿ ಹೊರತಂದಿತು.

2010ರ ಹೈದರಾಬಾದು ಸಮ್ಮೇಳನದ ಪ್ರಧಾನ ಉಪನ್ಯಾಸಕಾರರಲ್ಲಿ ಬಾಲಸುಬ್ರಮಣಿಯನ್ ಅವರೂ, ಎರ್ಗೋಡಿಕ್ ಸಿದ್ಧಾಂತವನ್ನು ಸಂಖ್ಯೆಗಳ ಲೋಕಕ್ಕೆ ತಂದವರಲ್ಲಿ ಪ್ರಮುಖರಾದ ಹಿಲೆಲ್ ಫರ್ಸ್ಟನ್‌ಬರ್ಗ್ ಅವರೂ ಇದ್ದರು. ಎರಡರಿಂದ ಗುಣಿಸುವ ಮತ್ತು ಮೂರರಿಂದ ಗುಣಿಸುವ ಕ್ರಿಯೆಗಳನ್ನು ಒಟ್ಟಿಗೆ ನಡೆಸಿದರೆ ಬಿಂದುಗಳ ಅಲೆದಾಟ ಎಷ್ಟು ಬಿಗಿಯಾದ ಕಟ್ಟಿಗೆ ಒಳಗಾಗುತ್ತದೆ ಎಂಬ ಪ್ರಶ್ನೆಯನ್ನು ಫರ್ಸ್ಟನ್‌ಬರ್ಗ್ 1967ರಲ್ಲಿ ಎತ್ತಿದ್ದರು. ಲಿಂಡೆನ್‌ಸ್ಟ್ರಾಸ್ ಅವರ ಕಾರ್ಯ ಈ ವಿಚಾರಧಾರೆಯಲ್ಲಿಯೇ ಬೆಳೆದುದು. ಬಹುಪಾಲಿನ ಮಾತನ್ನು ದಾಟಿ, ಅಪವಾದಗಳ ಸಮೂಹವನ್ನು ಸಾಧ್ಯವಾದಷ್ಟು ಕಿರಿದುಗೊಳಿಸುವುದು ಅದರ ಹಿರಿಮೆ. ಪಿಳ್ಳೈ ಅವರು ಈ ಮಾರ್ಗವನ್ನು ಹಿಡಿದವರೆಂದು ಹೇಳುವುದು ಅತಿಶಯೋಕ್ತಿಯಾದೀತು. ಅವರ ಸಾಧನಗಳು ಬೇರೆ, ಕಾಲ ಬೇರೆ. ಆದರೆ ಅವರು ನಿಂತು ನೋಡಿದ ಬಾಗಿಲು ಅದೇ.

ಪಿಳ್ಳೈ ಅವರ ಗಾತ್ರವನ್ನು ಅಳೆಯುವಾಗ ಅಕಾಲಮರಣದ ಕರುಣೆಯನ್ನು ಆಶ್ರಯಿಸಬೇಕಾದ ಅಗತ್ಯವಿಲ್ಲ. ತಾಯಿತಂದೆಯರನ್ನು ಎಳವೆಯಲ್ಲೇ ಕಳೆದುಕೊಂಡು, ಪ್ರಾಂತೀಯ ವಿಶ್ವವಿದ್ಯಾನಿಲಯವೊಂದರಲ್ಲಿ ಪಾಠ ಹೇಳುತ್ತ, ದೇಶೀಯ ಪತ್ರಿಕೆಗಳಲ್ಲಿಯೇ ತಮ್ಮ ಶ್ರೇಷ್ಠ ಫಲಿತಾಂಶಗಳನ್ನು ಪ್ರಕಟಿಸಿ, ಅವು ಜಗತ್ತಿನ ಗಮನಕ್ಕೆ ಬರುವಂತೆ ಮಾಡಿದ್ದು ಅವರ ಸತ್ವ. ನಾರ್ಮಲ್ ಸಂಖ್ಯೆಗಳ ಬಗೆಗಿನ ಅವರ ಪ್ರಮೇಯವನ್ನು ಯಾರೂ ಪುನಃ ಸಾಧಿಸಬೇಕಾಗಿಲ್ಲ. ಒಂದೂವರೆಯ ಘಾತಗಳ ಭಿನ್ನಭಾಗಗಳು ಹೇಗೆ ನಡೆದುಕೊಳ್ಳುತ್ತವೆ ಎಂಬ ಪ್ರಶ್ನೆ ಮಾತ್ರ ಅವರು ಬಿಟ್ಟಲ್ಲಿಯೇ ನಿಂತಿದೆ. ನಾರ್ಮಲ್, ಎರ್ಗೋಡಿಕ್ ಎಂಬ ಪದಗಳನ್ನು ಈ ಲೇಖನದಲ್ಲಿ ಇದ್ದಂತೆಯೇ ಬಳಸಬೇಕಾಯಿತು. ಭಾಗಲಬ್ಧ, ಶೇಷ, ಘಾತ, ವರ್ಗಮೂಲ ಎಂಬ ಪದಗಳಿಗೆ ಮಾತ್ರ ಎಲ್ಲಿಯೂ ತಡಕಾಡಬೇಕಾಗಲಿಲ್ಲ. ಅವು ಮಹಾವೀರಾಚಾರ್ಯರಂಥವರ ಕಾಲದಿಂದ ನಮ್ಮೊಡನೆ ಬಂದ ಶಾಸ್ತ್ರಭಾಷೆ. ಆ ಹಳೆಯ ಪದಗಳ ಪಕ್ಕದಲ್ಲಿ ಹೊಸವನ್ನು ನೆಲೆಗೊಳಿಸುವ ಕೆಲಸ ಗಣಿತ ಬಲ್ಲ ಕನ್ನಡಿಗರಿಗೂ ಕನ್ನಡ ಬಲ್ಲ ಗಣಿತಜ್ಞರಿಗೂ ಸೇರಿದುದು.